ಹದಿನಾಲ್ಕು ಫಂಡು, ಒಂದು ತೋಟ: ನಿವೃತ್ತ ಟೀಚರ್ ಒಬ್ಬರ ಹೂಡಿಕೆಯ ಪ್ರಕರಣ

2025ರ ಮಾರ್ಚ್ ತಿಂಗಳ ಎರಡನೇ ವಾರ. ಕಾಸರಗೋಡಿನ ನನ್ನ ಆಫೀಸಿಗೆ ಟೀಚರ್ ಬಂದಾಗ ಅವರ ಕೈಯಲ್ಲಿ 200 ಪುಟದ ಒಂದು ನೋಟ್‌ಬುಕ್ ಇತ್ತು. ಮೊದಲ ಪುಟದಲ್ಲಿ ಪ್ರಶ್ನೆಗಳಿದ್ದವು. ಮಕ್ಕಳಿಗೆ ಪ್ರಶ್ನೆಪತ್ರಿಕೆ ಬರೆಯುವ ಹಾಗೆಯೇ ಅಂಚು ಬಿಟ್ಟು, ನಂಬರ್ ಹಾಕಿ ಬರೆದಿದ್ದರು. ನಷ್ಟದಲ್ಲಿರುವ ಮ್ಯೂಚುವಲ್ ಫಂಡನ್ನು ಮಾರಬೇಕಾ, ಕಾಯಬೇಕಾ? ಒಬ್ಬರಿಗೆ ಎಷ್ಟು ಫಂಡು ಸಾಕು? ಎಲ್ಲವನ್ನೂ ಎಫ್‌ಡಿಯಲ್ಲೇ ಇಟ್ಟಿದ್ದರೆ ಒಳ್ಳೆಯದಿತ್ತಾ? ಡೈರೆಕ್ಟ್ ಒಳ್ಳೆಯದಾ, ರೆಗ್ಯುಲರ್ ಒಳ್ಳೆಯದಾ? ವರ್ಷಕ್ಕೆ ಎಷ್ಟು ಸಲ ತೆರೆದು ನೋಡಬೇಕು? ಕೊನೆಯ ಪ್ರಶ್ನೆ ಪುಟದ ತಳದಲ್ಲಿತ್ತು. ಅದಕ್ಕೆ ನಂಬರ್ ಇರಲಿಲ್ಲ. ಪೆನ್ಸಿಲಿನಲ್ಲಿ ಬರೆದಿದ್ದರು: "ನನಗೇನಾದರೂ ಆದರೆ ಇವರಿಗೆ ಇದೆಲ್ಲ ಗೊತ್ತಾಗುವುದು ಹೇಗೆ?"

ಪೆನ್ಸಿಲಿನ ಪ್ರಶ್ನೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಾನು ಪ್ರತಿ ವಾರ ಯಾರಿಂದಲಾದರೂ ಕೇಳುವಂಥದ್ದೇ. ನಾನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿಕೊಂಡು, ಶುಲ್ಕ ಪಡೆದು ಸಲಹೆ ಕೊಡುವವನು. ಫಂಡು ಮಾರಿ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಟೀಚರ್ ಮತ್ತು ಅವರ ಮನೆಯವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನು ನಿಖರವಾಗಿ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಮೊತ್ತಗಳನ್ನೂ ಸ್ವಲ್ಪ ಬದಲಿಸಿದ್ದೇನೆ.

ಹಿನ್ನೆಲೆ

ಟೀಚರ್ ಬದಿಯಡ್ಕದ ಕಡೆಯವರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡಿ 2024ರ ಮೇ 31ಕ್ಕೆ ನಿವೃತ್ತರಾದರು. ಕೇರಳದಲ್ಲಿ ಹಳೆಯ ಪಿಂಚಣಿ ಯೋಜನೆಯ ಸರ್ಕಾರಿ ನೌಕರರು 56ಕ್ಕೇ ನಿವೃತ್ತರಾಗುತ್ತಾರೆ. ಗಂಡನಿಗೆ 62. ಅವರದು ಎರಡೂವರೆ ಎಕರೆ ಅಡಿಕೆ ತೋಟ. ನಡುವೆ ಒಂದಷ್ಟು ತೆಂಗು, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಗಳು ಮಂಗಳೂರಿನಲ್ಲಿ ಓದುತ್ತಿದ್ದಾಳೆ.

ಗ್ರಾಚ್ಯುಟಿ, ಪಿಂಚಣಿಯ ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವುದು), ಪಿಎಫ್ ಎಲ್ಲ ಸೇರಿ ಆಗಸ್ಟ್ ಹೊತ್ತಿಗೆ ಸುಮಾರು 42 ಲಕ್ಷ ರೂಪಾಯಿ ಕೈಗೆ ಬಂತು. ಅಷ್ಟು ಹಣವನ್ನು ಆ ಮನೆಯವರು ಒಟ್ಟಿಗೆ ಕಂಡದ್ದು ಅದೇ ಮೊದಲು. ಬ್ಯಾಂಕಿನ ಶಾಖೆಯಿಂದ ಫೋನ್ ಬಂತು. ಅಲ್ಲಿ ಐದು ಫಂಡು ತೆಗೆದುಕೊಂಡರು. ಟೀಚರ ಅಣ್ಣನ ಮಗ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಟ್ಟ. ಅಲ್ಲಿ ಆರು. ಫಂಡು ವಿತರಣೆ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೇ ಬಂದು ಕಾಲಿಗೆ ನಮಸ್ಕಾರ ಮಾಡಿ ಕೂತ. ಅವನ ಮೂಲಕ ಮೂರು. ಹೀಗೆ ಡಿಸೆಂಬರ್ ಒಳಗೆ 14 ಫಂಡಿಗೆ 26 ಲಕ್ಷ ಹೋಗಿತ್ತು. ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ 12 ಲಕ್ಷದ ಎಫ್‌ಡಿ ಮಾಡಿದರು. ಅಲ್ಲೇ ಗಂಡನ ಹಳೆಯ ಎಫ್‌ಡಿ 4 ಲಕ್ಷ ಇತ್ತು. ಒಂದು ಲಕ್ಷ ಮನೆಯ ಮಾಡಿನ ರಿಪೇರಿಗೆ ಖರ್ಚಾಯಿತು. ಉಳಿದ ಮೂರು ಲಕ್ಷ ಉಳಿತಾಯ ಖಾತೆಯಲ್ಲಿತ್ತು.

ಯಾರೂ ಕೆಟ್ಟ ಉದ್ದೇಶದಿಂದ ಸಲಹೆ ಕೊಟ್ಟಿರಲಿಲ್ಲ. ಆದರೆ ಒಬ್ಬ ತೆಗೆಸಿದ್ದು ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಪೂರ್ತಿ ಚಿತ್ರ ಟೀಚರ ಹತ್ತಿರವೂ ಇರಲಿಲ್ಲ.

ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ನಿಫ್ಟಿ 26,000 ದಾಟಿ ತುದಿ ಮುಟ್ಟಿದ್ದು 2024ರ ಸೆಪ್ಟೆಂಬರ್ ಕೊನೆಯಲ್ಲಿ. ಟೀಚರ ಹಣದ ಹೆಚ್ಚಿನ ಪಾಲು ಒಳಗೆ ಹೋದದ್ದು ಅದರ ಆಚೀಚಿನ ತಿಂಗಳುಗಳಲ್ಲಿ. 2025ರ ಮಾರ್ಚ್ 4ಕ್ಕೆ ನಿಫ್ಟಿ 22,083ಕ್ಕೆ ಬಂದಿತ್ತು. ಸಣ್ಣ ಕಂಪನಿಗಳ ಸೂಚ್ಯಂಕ ಅದಕ್ಕಿಂತಲೂ ಜಾಸ್ತಿ, ಶೇ 20 ಮೀರಿ ಬಿದ್ದಿತ್ತು.

ತಾವಾಗಿ ಮಾಡಿದ್ದು

ನನ್ನ ಹತ್ತಿರ ಬರುವ ಮೊದಲೇ ಒಂದು ನಿರ್ಧಾರ ಆಗಿಹೋಗಿತ್ತು. ಫೆಬ್ರುವರಿ ಕೊನೆಯ ವಾರದಲ್ಲಿ ಟೀಚರ್ ಎರಡು ಸ್ಮಾಲ್‌ಕ್ಯಾಪ್, ಅಂದರೆ ಸಣ್ಣ ಕಂಪನಿಗಳ ಫಂಡುಗಳನ್ನು ಮಾರಿದ್ದರು. ಹಾಕಿದ್ದು 4 ಲಕ್ಷ, ಬಂದದ್ದು 3.2 ಲಕ್ಷ. ವರ್ಷ ತುಂಬಿರಲಿಲ್ಲವಾದ್ದರಿಂದ ಬೇಗ ಮಾರಿದ್ದಕ್ಕೆ ಫಂಡಿನವರು ಹಿಡಿಯುವ ಶೇ 1ರ ಶುಲ್ಕ, ಎಕ್ಸಿಟ್ ಲೋಡೂ ಹೋಗಿತ್ತು.

ಯಾಕೆ ಮಾರಿದಿರಿ ಎಂದು ಕೇಳಿದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದರು. ಆ್ಯಪ್ ತೆರೆದರೆ ಕೆಂಪು ಬಣ್ಣ. ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ನೋಡುತ್ತಿದ್ದರಂತೆ. ಇವೆರಡನ್ನೇ ಯಾಕೆ ಮಾರಿದಿರಿ ಎಂದಾಗ, "ಅದೇ ಎಲ್ಲಕ್ಕಿಂತ ಕೆಳಗೆ ಇತ್ತಲ್ಲ" ಎಂದರು. ಹೆಚ್ಚು ನೋವಾದಲ್ಲಿ ಕೈ ಹೋಗುವುದು ಸಹಜ. ಮಾರಿದ ಹಣವನ್ನು ಏನು ಮಾಡುವುದೆಂದು ಮಾತ್ರ ಗೊತ್ತಿರಲಿಲ್ಲ. ಅದು ಉಳಿತಾಯ ಖಾತೆಯಲ್ಲಿ ಸುಮ್ನೆ ಬಿದ್ದಿತ್ತು.

ಇನ್ನೊಂದು ಸಂಗತಿ ಆ ದಿನದ ಮಾತಿನಲ್ಲೇ ಹೊರಗೆ ಬಂತು. ನನಗೆ ಹೆಚ್ಚು ಬೇಸರವಾದದ್ದು ಅದಕ್ಕೇ. ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ತುಂಬಿರಬೇಕು. ಆದರೆ 55 ದಾಟಿ ನಿವೃತ್ತರಾದವರಿಗೂ ಒಂದು ಅವಕಾಶ ಇದೆ. ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು, ಅಷ್ಟೇ. 2023ರ ನವೆಂಬರ್‌ವರೆಗೆ ಈ ಗಡುವು ಒಂದೇ ತಿಂಗಳು ಇತ್ತು, ಆಮೇಲೆ ಮೂರು ತಿಂಗಳಾಯಿತು. ಬಡ್ಡಿ ಶೇ 8.2, ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ, 30 ಲಕ್ಷದವರೆಗೆ ಇಡಬಹುದು. ಟೀಚರಿಗೆ ಹಣ ಬಂದದ್ದು ಆಗಸ್ಟ್‌ನಲ್ಲಿ. ನವೆಂಬರ್ ಒಳಗೆ ಒಂದು ಫಾರ್ಮ್ ತುಂಬಿದ್ದರೆ ಆಗುತ್ತಿತ್ತು. ಯಾರೂ ಹೇಳಲಿಲ್ಲ. ಅವರು ನನ್ನ ಎದುರು ಕೂತಾಗ ಆ ಬಾಗಿಲು ಮುಚ್ಚಿ ನಾಲ್ಕು ತಿಂಗಳಾಗಿತ್ತು. ಇನ್ನು 60 ತುಂಬುವವರೆಗೆ ಕಾಯಬೇಕು. ಈಗ ನನ್ನ ಹತ್ತಿರ ಬರುವ, ನಿವೃತ್ತಿಗೆ ಹತ್ತಿರವಿರುವ ಪ್ರತಿಯೊಬ್ಬ ಟೀಚರಿಗೂ, ಮಾಷ್ಟ್ರಿಗೂ ಮೊದಲು ಹೇಳುವುದು ಇದನ್ನೇ.

ನನ್ನ ಮೊದಲ ಯೋಜನೆ

ಮೊದಲ ಕೆಲಸ ಎಲ್ಲ ಫಂಡನ್ನೂ ಒಂದೇ ಕಡೆ ನೋಡುವುದು. ಫಂಡುಗಳ ದಾಖಲೆ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕಂಪನಿಗಳ ವೆಬ್‌ಸೈಟಿನಲ್ಲಿ ಪ್ಯಾನ್ ನಂಬರ್, ಇಮೇಲ್ ಕೊಟ್ಟರೆ ಎಲ್ಲ ಫಂಡುಗಳ ಒಟ್ಟು ಸ್ಟೇಟ್‌ಮೆಂಟ್ ಮೇಲ್‌ಗೆ ಬರುತ್ತದೆ. ಯಾವ ಏಜೆಂಟನ ಮೂಲಕ ತೆಗೆದುಕೊಂಡಿದ್ದರೂ ಸರಿ. ಹಣ ಖರ್ಚಿಲ್ಲ. ಹತ್ತು ನಿಮಿಷದ ಕೆಲಸ.

ಉಳಿದ 12 ಫಂಡಿಗೆ ಹಾಕಿದ್ದು 22 ಲಕ್ಷ, ಆ ದಿನದ ಬೆಲೆ 19.2 ಲಕ್ಷ. ನಾಲ್ಕು ದೊಡ್ಡ ಕಂಪನಿಗಳ ಮತ್ತು ಫ್ಲೆಕ್ಸಿಕ್ಯಾಪ್ (ಯಾವ ಗಾತ್ರದ ಕಂಪನಿಗೂ ಹಾಕುವ) ಫಂಡುಗಳು, ಮೂರು ಮಿಡ್‌ಕ್ಯಾಪ್ (ಮಧ್ಯಮ ಕಂಪನಿಗಳ) ಮತ್ತು ಸ್ಮಾಲ್‌ಕ್ಯಾಪ್, ಮೂರು ಒಂದೇ ಉದ್ಯಮಕ್ಕೆ ಸೀಮಿತವಾದವು, ಎರಡು ಹೈಬ್ರಿಡ್ (ಷೇರು, ಸಾಲಪತ್ರ ಎರಡೂ ಇರುವವು). ನಾಲ್ಕು ದೊಡ್ಡ ಫಂಡುಗಳ ಮೊದಲ ಹತ್ತು ಷೇರುಗಳನ್ನು ಪಕ್ಕಪಕ್ಕ ಬರೆದು ತೋರಿಸಿದೆ. ಅದೇ ಖಾಸಗಿ ಬ್ಯಾಂಕುಗಳು, ಅದೇ ರಿಲಯನ್ಸ್, ಅದೇ ಇನ್ಫೋಸಿಸ್. ಹೆಸರು ನಾಲ್ಕು, ಒಳಗಿದ್ದದ್ದು ಹೆಚ್ಚುಕಮ್ಮಿ ಒಂದೇ.

ಆಮೇಲೆ ನಾನು ಒಂದು ಯೋಜನೆ ಬರೆದೆ. ಒಟ್ಟು ಹಣದಲ್ಲಿ ಷೇರಿನ ಪಾಲು ಶೇ 46 ಇದೆ, ನಿವೃತ್ತರಿಗೆ ಜಾಸ್ತಿ. ಅದನ್ನು ಶೇ 35ಕ್ಕೆ ತರೋಣ, ಉಳಿದದ್ದು ಬ್ಯಾಂಕ್ ಎಫ್‌ಡಿ ಮತ್ತು ಸಾಲಪತ್ರದ ಫಂಡುಗಳಿಗೆ. ಸಹಕಾರಿ ಬ್ಯಾಂಕಿನ ಎಫ್‌ಡಿ ಪೂರ್ತಿ ತೆಗೆಯೋಣ. ಎರಡು ಪುಟ ಟೈಪ್ ಮಾಡಿ ಕೊಟ್ಟೆ.

ಎರಡು ವಾರ ಏನೂ ಆಗಲಿಲ್ಲ. ನಾನೇ ಫೋನ್ ಮಾಡಿದೆ. ಟೀಚರ್ ತಡವರಿಸಿ ಹೇಳಿದರು: "ಇವರು ಓದಿದರು. ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಾಗಲಿಲ್ಲ." ಏನು ಪ್ರಶ್ನೆ ಎಂದೆ. ಅವರು ಗಂಡನ ಮಾತನ್ನು ಹಾಗೇ ಒಪ್ಪಿಸಿದರು: "ಇದರಲ್ಲಿ ತೋಟ ಎಲ್ಲಿ ಉಂಟು?"

ಜಗಲಿಯಲ್ಲಿ ಒಂದು ಮಧ್ಯಾಹ್ನ

ಈ ಪ್ರಕರಣ ತಿರುಗಿದ್ದು ಆ ಪ್ರಶ್ನೆಯಿಂದ. ನನ್ನ ಎರಡು ಪುಟದಲ್ಲಿ ತೋಟವೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ಸ್ಟೇಟ್‌ಮೆಂಟಿನಲ್ಲಿ ಕಂಡದ್ದನ್ನಷ್ಟೇ ನಾನು ಲೆಕ್ಕಕ್ಕೆ ಹಿಡಿದಿದ್ದೆ. ಮಾರ್ಚ್ ಕೊನೆಯ ಭಾನುವಾರ ಅವರ ಮನೆಗೆ ಹೋದೆ.

ಟೀಚರ ಗಂಡನನ್ನು ನಾನು ಅಣ್ಣ ಎನ್ನುವುದು. ಅಣ್ಣ ಮಾತು ಕಡಿಮೆ. ಮೊದಲು ಅಟ್ಟಕ್ಕೆ ಕರೆದುಕೊಂಡು ಹೋಗಿ ಗೋಣಿ ತೋರಿಸಿದರು. ಸುಲಿದ ಚಾಲಿ ಅಡಿಕೆ, ಸುಮಾರು 15 ಕ್ವಿಂಟಲ್. ಆಗಿನ ಧಾರಣೆಯಲ್ಲಿ ಹತ್ತಿರ ಹತ್ತಿರ 6 ಲಕ್ಷದ ಮಾಲು. ಹೇಗೆ ಮಾರುತ್ತೀರಿ ಎಂದು ಕೇಳಿದೆ. ಕೊಯ್ಲಾಗಿ ಒಣಗಿಸಿ ಸುಲಿದ ಕೂಡಲೇ ಮೂರರಲ್ಲಿ ಒಂದು ಪಾಲು ಕೊಡುತ್ತಾರೆ. ಅದು ಕೂಲಿಗೆ, ಗೊಬ್ಬರಕ್ಕೆ. ಮಳೆಗೆ ಮುಂಚೆ ಇನ್ನೊಂದು ಪಾಲು. ಮೂರನೆಯದು ಅಟ್ಟದಲ್ಲೇ ಹಳೆ ಅಡಿಕೆಯಾಗುತ್ತದೆ. ಹಳೆಯದಕ್ಕೆ ಧಾರಣೆ ಜಾಸ್ತಿ, ಆದರೆ ಹುಳ ಹಿಡಿಯುವ ಭಯವೂ ಉಂಟು. "ರೇಟು ಎಷ್ಟು ಏರಿದರೂ ಪೂರ್ತಿ ಕೊಡುವುದಿಲ್ಲ. ಎಷ್ಟು ಇಳಿದರೂ ಪೂರ್ತಿ ಇಟ್ಟುಕೊಳ್ಳುವುದಿಲ್ಲ. ಮೊದಲು ಮನೆಗೆ ಎಷ್ಟು ಬೇಕು ನೋಡುದು" ಎಂದರು.

ನಾನು ಎರಡು ಪುಟದಲ್ಲಿ ಹೇಳಲು ಹೊರಟದ್ದನ್ನು ಆ ಮನುಷ್ಯ ನಲವತ್ತು ವರ್ಷದಿಂದ ಮಾಡುತ್ತಲೇ ಬಂದಿದ್ದರು. ಶೇಕಡಾವಾರು ಲೆಕ್ಕದಿಂದ ಶುರು ಮಾಡಿದ್ದೇ ನನ್ನ ತಪ್ಪು. ಮನೆಗೆ ಯಾವಾಗ ಎಷ್ಟು ಬೇಕು ಎಂಬಲ್ಲಿಂದ ಅವರು ಶುರು ಮಾಡುತ್ತಿದ್ದರು.

ಫಂಡುಗಳ ಪಟ್ಟಿಯನ್ನೂ ಅವರಿಗೆ ತೋರಿಸಿದೆ. ಒಂದೇ ಕಂಪನಿ ಎಷ್ಟು ಕಡೆ ಬಂದಿದೆ ಎಂದು ಗುರುತು ಹಾಕಿದ್ದೆ. ಸ್ವಲ್ಪ ಹೊತ್ತು ನೋಡಿ, "ಒಂದೇ ಮರಕ್ಕೆ ಹನ್ನೆರಡು ಬಳ್ಳಿ ಬಿಟ್ಟ ಹಾಗಾಯ್ತು ಇದು" ಎಂದರು. ಕಾಳುಮೆಣಸು ಬೇರೆ ಬೆಳೆ ನಿಜ, ಆದರೆ ಅಡಿಕೆ ಮರ ಬಿದ್ದರೆ ಬಳ್ಳಿಯೂ ನೆಲಕ್ಕೆ ಬರುತ್ತದೆ. ಇದನ್ನು ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಅಲ್ಲೇ ಜಗಲಿಯಲ್ಲಿ ಕೂತು ಟೀಚರ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದೆವು. ಮುಂದಿನ ಮೂರು ವರ್ಷದಲ್ಲಿ ಏನೇನು ಖರ್ಚು ಬರುತ್ತದೆ? ಮಗಳ ಓದಿಗೆ ಎರಡು ವರ್ಷಕ್ಕೆ 3 ಲಕ್ಷ. ಅವಳ ಮದುವೆಗೆ 10 ಲಕ್ಷ. ತೋಟಕ್ಕೆ 2 ಲಕ್ಷ. 2024ರ ಮಳೆಗಾಲದಲ್ಲಿ ಕೊಳೆರೋಗ ಬಂದು ಮದ್ದು ಬಿಟ್ಟ ಕೂಲಿಯೇ ದೊಡ್ಡ ಮೊತ್ತವಾಗಿತ್ತು, ಜತೆಗೆ ಪಂಪ್ ಹಳೆಯದಾಗಿದೆ. ಆರೋಗ್ಯಕ್ಕೆ 5 ಲಕ್ಷ. ರಾಜ್ಯದ ನೌಕರರಿಗೆ, ಪಿಂಚಣಿದಾರರಿಗೆ ಇರುವ ಮೆಡಿಸೆಪ್ ಆರೋಗ್ಯ ವಿಮೆ ಟೀಚರಿಗೂ ಅಣ್ಣನಿಗೂ ಇದೆ, 2025ರಲ್ಲಿ ಅದು ವರ್ಷಕ್ಕೆ 3 ಲಕ್ಷದವರೆಗೆ ಇತ್ತು. ಆದರೆ ನಮ್ಮ ಕಡೆಯವರು ದೊಡ್ಡ ಕಾಯಿಲೆ ಬಂದರೆ ಓಡುವುದು ಮಂಗಳೂರಿಗೆ. ಹೋಗುವ ಆಸ್ಪತ್ರೆ ವಿಮೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ಹಣ ಕೈಯಲ್ಲೇ ಬೇಕು. ಒಟ್ಟು 20 ಲಕ್ಷ ಆಯಿತು.

ಇದಕ್ಕೆ ಎದುರಾಗಿ ಷೇರಿಗೆ ಸಂಬಂಧವಿಲ್ಲದ ಹಣ ಎಷ್ಟಿದೆ? ಎಫ್‌ಡಿ 16 ಲಕ್ಷ. ಉಳಿತಾಯ ಖಾತೆಯಲ್ಲಿ ಫಂಡು ಮಾರಿದ್ದೂ ಸೇರಿ 6.2 ಲಕ್ಷ. ಒಟ್ಟು 22.2 ಲಕ್ಷ. ಅಟ್ಟದ ಅಡಿಕೆ ಬೇರೆ.

ಟೀಚರ್ ಎರಡು ಸಲ ಕೂಡಿಸಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಹಾಗಾದರೆ ಫಂಡಿನ ಹಣ ಮೂರು ವರ್ಷ ಮುಟ್ಟುವುದೇ ಬೇಡ" ಎಂದರು. ಹೌದು. ಮಾರಬೇಕಾ, ಕಾಯಬೇಕಾ ಎಂಬ ಮೊದಲನೇ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಂಡರು. ಫೆಬ್ರುವರಿಯಲ್ಲಿ ಮಾರಿದ ಎರಡು ಫಂಡನ್ನೂ ಮಾರಬೇಕಾಗಿರಲಿಲ್ಲ ಎಂದು ಅವರಿಗೇ ಹೊಳೆಯಿತು. ಅದರ ಬಗ್ಗೆ ನಾನು ಹೆಚ್ಚು ಮಾತಾಡಲಿಲ್ಲ.

ಮೂರು ವರ್ಷ ಯಾಕೆ ಎಂದು ಅಣ್ಣ ಕೇಳಿದರು. 2008ರ ಕಥೆ ಹೇಳಿದೆ. ಆ ಜನವರಿಯಲ್ಲಿ 21,000 ಮುಟ್ಟಿದ್ದ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮರುವರ್ಷದ ಮಾರ್ಚ್‌ನಲ್ಲಿ 8,000ದ ಆಸುಪಾಸಿಗೆ ಬಂದಿತ್ತು. ಮತ್ತೆ 21,000 ಕಾಣಲು 2010ರ ನವೆಂಬರ್ ಆಯಿತು. ಹೆಚ್ಚುಕಮ್ಮಿ ಮೂರು ವರ್ಷ. ಮುಂದಿನ ಸಲ ಇನ್ನೂ ಜಾಸ್ತಿ ಹಿಡಿಯಬಹುದು. ಆದರೆ ಮದುವೆಯ ಹಣ ಆ ಮೂರು ವರ್ಷ ಷೇರಿನಲ್ಲಿ ಸಿಕ್ಕಿಬೀಳಬಾರದು, ಅಷ್ಟೇ.

ಪಿಂಚಣಿಯನ್ನೂ ಲೆಕ್ಕಕ್ಕೆ ತಂದೆವು. ಕಮ್ಯುಟೇಶನ್ ಕಳೆದು ತಿಂಗಳಿಗೆ 34,000 ಬರುತ್ತದೆ, ವರ್ಷಕ್ಕೆ 4 ಲಕ್ಷ ಚಿಲ್ಲರೆ. ಶೇ 8ರ ಬಡ್ಡಿಯಲ್ಲಿ ಅಷ್ಟು ಬರಬೇಕಾದರೆ 50 ಲಕ್ಷಕ್ಕಿಂತ ಹೆಚ್ಚು ಹಣ ಬ್ಯಾಂಕಿನಲ್ಲಿ ಇರಬೇಕು. ಅದನ್ನೂ ಸೇರಿಸಿ ನೋಡಿದರೆ ಷೇರಿನ ಪಾಲು ಐದರಲ್ಲಿ ಒಂದು. ನನ್ನ ಶೇ 46, ಶೇ 35ರ ಚರ್ಚೆಗೆ ಅರ್ಥವೇ ಉಳಿಯಲಿಲ್ಲ. ಒಂದು ಎಚ್ಚರಿಕೆ ಮಾತ್ರ ಬರೆದಿಟ್ಟೆವು: ಟೀಚರ್ ಇಲ್ಲದ ದಿನ ಕುಟುಂಬ ಪಿಂಚಣಿ ಇದಕ್ಕಿಂತ ಕಡಿಮೆ ಇರುತ್ತದೆ.

ತೋಟದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದನ್ನು ಅವರು ಮಾರುವುದಿಲ್ಲ. ಆದರೆ ಆ ಮನೆಯ ದೊಡ್ಡ ಅಪಾಯ ಇರುವುದು ಅಲ್ಲೇ. ಒಂದೇ ಬೆಳೆ, ಒಂದೇ ಮಳೆ. ಕೊಳೆರೋಗ ಬಂದ ವರ್ಷ ಆದಾಯ ಬೀಳುತ್ತದೆ, ಅದೇ ವರ್ಷ ಖರ್ಚು ಏರುತ್ತದೆ. ತೋಟದ 2 ಲಕ್ಷ ಉಳಿತಾಯ ಖಾತೆಯಲ್ಲೇ ಇರಬೇಕು ಎಂದು ತೀರ್ಮಾನಿಸಿದ್ದು ಅದಕ್ಕಾಗಿ.

ಸಹಕಾರಿ ಬ್ಯಾಂಕಿನ ವಿಷಯ

ಇಲ್ಲಿ ಮಾತು ಸ್ವಲ್ಪ ಬಿಸಿಯಾಯಿತು. ಬ್ಯಾಂಕುಗಳಲ್ಲಿಟ್ಟ ಠೇವಣಿಗೆ ಒಬ್ಬರಿಗೆ, ಒಂದು ಬ್ಯಾಂಕಿಗೆ, ಬಡ್ಡಿಯೂ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ನಗರ ಸಹಕಾರಿ ಬ್ಯಾಂಕುಗಳೂ ಆ ವಿಮೆಯ ಒಳಗೆ ಬರುತ್ತವೆ. ಆದರೆ ಊರಿನ ಸರ್ವಿಸ್ ಸಹಕಾರಿ ಬ್ಯಾಂಕು ಹೆಸರಿನಲ್ಲಿ ಬ್ಯಾಂಕು, ಕಾನೂನಿನ ಕಣ್ಣಿಗೆ ಪ್ರಾಥಮಿಕ ಕೃಷಿ ಪತ್ತಿನ ಸಂಘ. ಅದಕ್ಕೆ ಆ ವಿಮೆ ಇಲ್ಲ. ಕೇರಳದಲ್ಲಿ ಸಹಕಾರಿ ಠೇವಣಿಗೆ ರಾಜ್ಯದ್ದೇ ಒಂದು ಖಾತರಿ ನಿಧಿ ಇದೆ. ಅದು ಬೇರೆ, ಇದು ಬೇರೆ. 16 ಲಕ್ಷ ಒಂದೇ ಕಡೆ ಇರುವುದು ನನಗೆ ಸರಿ ಕಾಣಲಿಲ್ಲ.

ಅಣ್ಣ ಒಪ್ಪಲಿಲ್ಲ. ತೋಟದ ಸಾಲ ಕೊಟ್ಟವರು ಅವರು. ಆಡಳಿತದಲ್ಲಿ ಇರುವವರು ನೆರೆಕರೆಯವರು. ರಾತ್ರಿ ಹನ್ನೊಂದಕ್ಕೆ ಕಷ್ಟ ಎಂದರೆ ಬಾಗಿಲು ತೆಗೆಯುವವರು. "ಹಣ ಎಲ್ಲ ತೆಗೆದರೆ ಮುಖ ನೋಡಿ ಮಾತಾಡುದು ಹೇಗೆ?" ಎಂದರು. ಮೊದಲ ಯೋಜನೆ ಎರಡು ವಾರ ಮೂಲೆಗೆ ಬಿದ್ದದ್ದಕ್ಕೆ ನಿಜವಾದ ಕಾರಣ ಇದೇ ಇತ್ತು. ಟೀಚರ್ ಫೋನಿನಲ್ಲಿ ಅದನ್ನು ಹೇಳಿರಲಿಲ್ಲ.

ಇದನ್ನು ಭಾವನೆಯ ಮಾತು ಎಂದು ಪಕ್ಕಕ್ಕೆ ಸರಿಸುವುದು ತಪ್ಪು ಎಂದು ನನಗೆ ಅನಿಸುತ್ತದೆ. ಹಳ್ಳಿಯಲ್ಲಿ ಆ ಸಂಬಂಧಕ್ಕೂ ಬೆಲೆ ಇದೆ. ಕಷ್ಟಕಾಲದಲ್ಲಿ ಅದೇ ಸಾಲವಾಗಿ ಬರುತ್ತದೆ. ಕೊನೆಗೆ ಹೀಗೆ ಮಾಡಿದೆವು: ಯಾವ ಎಫ್‌ಡಿಯನ್ನೂ ಅವಧಿಗೆ ಮುಂಚೆ ಮುರಿಯುವುದಿಲ್ಲ. ಒಂದೊಂದೇ ಮುಗಿದ ಹಾಗೆ ಟೀಚರ 12 ಲಕ್ಷದಲ್ಲಿ 7 ಲಕ್ಷವನ್ನು ಎರಡು ಬೇರೆ ಬ್ಯಾಂಕಿಗೆ ಹಾಕುವುದು. 5 ಲಕ್ಷ ಅಲ್ಲೇ ಇರಲಿ.

ಅಣ್ಣನಿಗೆ 60 ದಾಟಿರುವುದರಿಂದ ಹಿರಿಯ ನಾಗರಿಕರ ಯೋಜನೆಗೆ ಅವರೇ ಸೇರಬಹುದು. ಟೀಚರ್ ತಮ್ಮ ಹಣವನ್ನು ಗಂಡನ ಹೆಸರಿನಲ್ಲಿ ಹಾಕೋಣವಾ ಎಂದು ಕೇಳಿದರು. ಹಾಕಬಹುದು, ಆದರೆ ಗಂಡನಿಗೆ ಕೊಟ್ಟ ಹಣದಿಂದ ಬರುವ ಬಡ್ಡಿಯನ್ನು ತೆರಿಗೆಯ ಲೆಕ್ಕದಲ್ಲಿ ಹೆಂಡತಿಯ ಆದಾಯಕ್ಕೇ ಸೇರಿಸುತ್ತಾರೆ. ಆದ್ದರಿಂದ ಅಣ್ಣನ ಸ್ವಂತ ಹಣವನ್ನೇ ಹಾಕಿದರು. ಅವರ 4 ಲಕ್ಷದ ಎಫ್‌ಡಿ ಮೇ ತಿಂಗಳಲ್ಲಿ ಮುಗಿಯಿತು, ಅದಕ್ಕೆ ಒಂದು ಖಾತೆ. ಅಡಿಕೆ ಮಾರಿ ಬಂದ 4 ಲಕ್ಷಕ್ಕೆ ಆಮೇಲೆ ಇನ್ನೊಂದು. 8 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 16,400 ರೂಪಾಯಿ ಬಡ್ಡಿ. ಮನೆ ಖರ್ಚು ತಿಂಗಳಿಗೆ 38,000, ಪಿಂಚಣಿಗಿಂತ 4,000 ಜಾಸ್ತಿ ಇತ್ತು. ಆ ಕೊರತೆ ಇದರಲ್ಲಿ ತುಂಬಿತು. ಟೀಚರ ಎಫ್‌ಡಿ, ಉಳಿತಾಯ ಖಾತೆ, ಅಟ್ಟದಲ್ಲಿ ಉಳಿದ 2 ಲಕ್ಷದ ಅಡಿಕೆ ಸೇರಿ ಮೂರು ವರ್ಷದ 20 ಲಕ್ಷಕ್ಕೂ ಸರಿಹೋಯಿತು.

ಏಪ್ರಿಲ್ 7

ಅಮೆರಿಕದ ಸುಂಕದ ಸುದ್ದಿಗೆ 2025ರ ಏಪ್ರಿಲ್ 7ರ ಸೋಮವಾರ ಸೆನ್ಸೆಕ್ಸ್ ಒಂದೇ ದಿನ 2,226 ಅಂಕ ಬಿತ್ತು. ನಿಫ್ಟಿ 22,161. ಜಗಲಿಯ ಮಾತುಕತೆ ಆಗಿ ಎಂಟೇ ದಿನವಾಗಿತ್ತು. ಬೆಂಗಳೂರಿನಿಂದ ಮಗ ಫೋನ್ ಮಾಡಿ, "ಅಮ್ಮಾ, ಇದು ಇನ್ನೂ ಬೀಳುತ್ತದೆ, ಎಲ್ಲ ತೆಗೆದುಬಿಡು" ಎಂದನಂತೆ. ಅವನಿಗೆ ತಾಯಿಯ ಮೇಲಿನ ಕಾಳಜಿ.

ಸಂಜೆ ಟೀಚರ್ ನನಗೆ ಫೋನ್ ಮಾಡಿದರು. ನಾನು ಸಮಾಧಾನದ ಮಾತು ಸಿದ್ಧ ಮಾಡಿಕೊಂಡೇ ಫೋನ್ ಎತ್ತಿದೆ. ಬೇಕಾಗಲಿಲ್ಲ. "ಮಗನಿಗೆ ಖರ್ಚಿನ ಪುಟದ ಫೋಟೊ ಕಳಿಸಿದೆ. ಮದುವೆಯ ಹಣ ಇದರಲ್ಲಿ ಇಲ್ಲ ಅಂದೆ. ಅವನೂ ಸುಮ್ಮನಾದ" ಎಂದರು.

ಜೂನ್ ಕೊನೆಗೆ ನಿಫ್ಟಿ 25,500 ದಾಟಿತ್ತು. ಮಾರುಕಟ್ಟೆ ಏರಿದ್ದರಿಂದ ಅವರ ನಿರ್ಧಾರ ಸರಿಯಾಯಿತು ಎಂದು ನಾನು ಬರೆಯುವುದಿಲ್ಲ. ಏರದೆ ಇನ್ನೂ ಒಂದು ವರ್ಷ ಕೆಳಗೇ ಇದ್ದರೂ ಅದು ಸರಿಯೇ. ಆ ದಿನ ಮಾರುವ ಅಗತ್ಯ ಅವರಿಗೆ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತು.

ಹನ್ನೆರಡರಿಂದ ನಾಲ್ಕು

ಫಂಡುಗಳನ್ನು ಕಡಿಮೆ ಮಾಡುವುದಕ್ಕೆ ಅವಸರ ಮಾಡಲಿಲ್ಲ. ಹೆಚ್ಚಿನವು 2024ರ ಆಗಸ್ಟ್‌ನಿಂದ ಡಿಸೆಂಬರ್ ಒಳಗೆ ತೆಗೆದವು. ವರ್ಷ ತುಂಬಿದ ಮೇಲೆ ಮಾರಿದರೆ ಎಕ್ಸಿಟ್ ಲೋಡ್ ಇಲ್ಲ. ಷೇರು ಫಂಡಿನ ಲಾಭ ದೀರ್ಘಾವಧಿಯದ್ದಾಗುತ್ತದೆ, ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ಶೇ 12.5. ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ 20. ಹಾಗಾಗಿ ಒಂದೊಂದಕ್ಕೆ ವರ್ಷ ತುಂಬಿದ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆ ಪ್ರಕಾರ ಡಿಸೆಂಬರ್‌ವರೆಗೆ ಮಾರುತ್ತಾ ಬಂದರು. ಒಂದೇ ಉದ್ಯಮದ ಮೂರೂ ಹೋದವು. ಕೊನೆಗೆ ಉಳಿದದ್ದು ಒಂದು ನಿಫ್ಟಿ 50 ಇಂಡೆಕ್ಸ್ ಫಂಡು (ನಿಫ್ಟಿಯಲ್ಲಿರುವ ಷೇರುಗಳನ್ನೇ ಕೊಳ್ಳುವಂಥದ್ದು), ಒಂದು ಫ್ಲೆಕ್ಸಿಕ್ಯಾಪ್, ಒಂದು ಮಿಡ್‌ಕ್ಯಾಪ್, ಒಂದು ಹೈಬ್ರಿಡ್. ಮಾರಿದ ಹಣ ಈ ನಾಲ್ಕಕ್ಕೇ ಹೋಯಿತು.

ಫೆಬ್ರುವರಿಯ 80,000 ನಷ್ಟವನ್ನು ವ್ಯರ್ಥ ಬಿಡಲಿಲ್ಲ. ಅಲ್ಪಾವಧಿಯ ನಷ್ಟವನ್ನು ಮುಂದೆ ಬರುವ ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭದ ಎದುರು ಕಳೆಯಬಹುದು. ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಆದರೆ ಆದಾಯ ತೆರಿಗೆಯ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿರಬೇಕು. ಲಾಭವೇ ಇಲ್ಲ, ರಿಟರ್ನ್ ಯಾಕೆ ಎಂದುಕೊಂಡಿದ್ದರು ಟೀಚರ್. ಐಟಿಆರ್-2 ಫಾರ್ಮ್ ತುಂಬಿ ಸಲ್ಲಿಸಿದರು.

ಡೈರೆಕ್ಟಾ, ರೆಗ್ಯುಲರಾ ಎಂಬ ಪ್ರಶ್ನೆಗೆ ಬರುತ್ತೇನೆ. ರೆಗ್ಯುಲರ್ ಫಂಡಿನ ಖರ್ಚಿನಲ್ಲಿ ವಿತರಕನ ಕಮಿಷನ್ ಸೇರಿರುತ್ತದೆ, ನಾವೇ ನೇರವಾಗಿ ತೆಗೆದುಕೊಳ್ಳುವ ಡೈರೆಕ್ಟ್‌ನಲ್ಲಿ ಅದಿಲ್ಲ. ಖರ್ಚಿನ ವ್ಯತ್ಯಾಸ ಶೇ 0.8 ಎಂದಿಟ್ಟುಕೊಂಡರೂ 10 ಲಕ್ಷಕ್ಕೆ ವರ್ಷಕ್ಕೆ 8,000 ರೂಪಾಯಿ. ಬ್ಯಾಂಕಿನ ಮೂಲಕ ತೆಗೆದ ಫಂಡುಗಳಿಗೆ ಆ ಹಣಕ್ಕೆ ಸರಿಯಾದ ಸೇವೆ ಯಾವುದೂ ಸಿಗುತ್ತಿರಲಿಲ್ಲ, ಅವು ಹೋದವು. ರೆಗ್ಯುಲರಿಂದ ಡೈರೆಕ್ಟಿಗೆ ಬದಲಾಯಿಸುವುದೂ ಲೆಕ್ಕದಲ್ಲಿ ಮಾರಾಟವೇ, ಲೋಡ್ ಮತ್ತು ತೆರಿಗೆ ಅದಕ್ಕೂ ಬೀಳುತ್ತದೆ. ಹಳೆಯ ವಿದ್ಯಾರ್ಥಿಯ ಮೂಲಕ ತೆಗೆದ ಫ್ಲೆಕ್ಸಿಕ್ಯಾಪನ್ನು ಟೀಚರ್ ಬಿಡಲು ಇಷ್ಟಪಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆ ಹುಡುಗ ಮನೆಗೆ ಬಂದು ಫಾರ್ಮ್ ತುಂಬಿಸುತ್ತಾನೆ, ಅಣ್ಣನ ಜತೆ ಕನ್ನಡದಲ್ಲಿ ಮಾತಾಡಿ ಅರ್ಥ ಮಾಡಿಸುತ್ತಾನೆ. ಆ ಕೆಲಸಕ್ಕೆ ವರ್ಷಕ್ಕೆ ಕೆಲವು ಸಾವಿರ ಜಾಸ್ತಿಯಲ್ಲ.

ವರ್ಷಕ್ಕೆ ಎಷ್ಟು ಸಲ ನೋಡಬೇಕು ಎಂಬುದಕ್ಕೆ ಅಣ್ಣನೇ ದಿನ ಇಟ್ಟರು. ಪತ್ತನಾಜೆಯ ವಾರ. ಮೇ 24ರ ಹೊತ್ತಿಗೆ ಬರುವ ಪತ್ತನಾಜೆಗೆ ಊರಿನ ಉತ್ಸವ, ಯಕ್ಷಗಾನದ ಆಟ ಎಲ್ಲ ಮುಗಿದಿರುತ್ತದೆ, ಮಳೆಗೆ ಮುಂಚಿನ ಕೂಲಿ ಲೆಕ್ಕವೂ ಆಗಿರುತ್ತದೆ. ಆಗ ಒಂದೇ ಸಲ ಪುಸ್ತಕ ತೆರೆಯುವುದು. ಫಂಡಿನ ಬೆಲೆ ಹಿಂದಿನ ಪತ್ತನಾಜೆಗಿಂತ ಮೇಲಿದ್ದರೆ ಆ ವರ್ಷ ಖರ್ಚಾದಷ್ಟನ್ನು ಅಲ್ಲಿಂದ ತೆಗೆದು ಮೂರು ವರ್ಷದ ಪುಟವನ್ನು ತುಂಬಿಸುವುದು. ಕೆಳಗಿದ್ದರೆ ಆ ವರ್ಷ ಬಿಡುವುದು, ಪುಟದಲ್ಲಿ ಇನ್ನೂ ಎರಡು ವರ್ಷದ ಹಣ ಇರುತ್ತದೆ. ಟೀಚರ್ ಆ್ಯಪನ್ನು ಮೊಬೈಲಿನ ಮೊದಲ ಪರದೆಯಿಂದ ತೆಗೆದರು.

ಪೆನ್ಸಿಲಿನ ಪ್ರಶ್ನೆ

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಇದು. 12 ಫೋಲಿಯೊಗಳಲ್ಲಿ, ಅಂದರೆ ಫಂಡಿನ ಖಾತೆಗಳಲ್ಲಿ, ಐದಕ್ಕೆ ನಾಮಿನಿ ಇರಲಿಲ್ಲ. ಹಾಕಲು ಹೋದರೆ ಮೂರರಲ್ಲಿ ಕೆವೈಸಿ (ಗುರುತಿನ ದಾಖಲೆಯ ಪರಿಶೀಲನೆ) ತಡೆಯಲ್ಲಿತ್ತು. ಕಾರಣ ಹೆಸರು. ಪ್ಯಾನ್‌ನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿದೆ, ಆಧಾರ್‌ನಲ್ಲಿ ಮನೆಹೆಸರಿನ ಇನಿಷಿಯಲ್. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಒಂದು ಅಕ್ಷರ ಬದಲಾಗಿತ್ತು. ಗಡಿಯಲ್ಲಿರುವ ನಮ್ಮಲ್ಲಿ ಇದು ಮನೆಮನೆಯ ಕಥೆ. ಸರ್ಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಮೂರು ಸಲ ಹೋಗಿ, ನಾಲ್ಕು ತಿಂಗಳು ಕಾದು ಸರಿಮಾಡಿಸಿಕೊಂಡರು. ನಿವೃತ್ತಿಗೆ ಇನ್ನೂ ವರ್ಷ ಇರುವವರು ಈ ಕೆಲಸ ಇವತ್ತೇ ಶುರು ಮಾಡಿ.

ಆದರೆ ಅವರು ಕೇಳಿದ್ದು ನಾಮಿನಿ ಬಗ್ಗೆ ಮಾತ್ರ ಅಲ್ಲ. ಅಣ್ಣ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದಿದವರು. ದಿನಪತ್ರಿಕೆ ಮೊದಲ ಸಾಲಿನಿಂದ ಕೊನೆಯವರೆಗೆ ಓದುತ್ತಾರೆ. ಸೊಸೈಟಿಯ ಮಲಯಾಳ ನೋಟಿಸ್ ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನ ಸ್ಟೇಟ್‌ಮೆಂಟ್ ಹೆಂಡತಿಯ ಇಮೇಲ್‌ಗೆ ಬರುತ್ತದೆ, ಅದಕ್ಕೊಂದು ಪಾಸ್‌ವರ್ಡ್. ಟೀಚರ ಹೊರತು ಆ ಮನೆಯಲ್ಲಿ ಯಾರಿಗೂ ಹಣ ಎಲ್ಲಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ನೋಟ್‌ಬುಕ್ಕನ್ನೇ ಅದಕ್ಕೆ ಬಳಸಿದೆವು. ಒಂದು ಖಾತೆಗೆ ಒಂದು ಪುಟ. ಕನ್ನಡದಲ್ಲಿ. ಯಾವ ಬ್ಯಾಂಕು ಅಥವಾ ಫಂಡು, ಖಾತೆಯ ನಂಬರ್, ಯಾವತ್ತು ಮುಗಿಯುತ್ತದೆ, ಮುಗಿದ ಮೇಲೆ ಎಲ್ಲಿಗೆ, ನಾಮಿನಿ ಯಾರು, ಯಾರಿಗೆ ಫೋನ್ ಮಾಡಬೇಕು. ಪಾಸ್‌ವರ್ಡ್ ಅದರಲ್ಲಿ ಬರೆಯಲಿಲ್ಲ, ಅದು ಬೇರೆ ಲಕೋಟೆಯಲ್ಲಿದೆ. ಮೊದಲ ಕೆಲವು ಪುಟ ಟೀಚರ್ ಬರೆದರು. ಉಳಿದದ್ದನ್ನು ಅಣ್ಣನೇ ಬರೆಯಲಿ ಎಂದೆ. ಅವರು ನಿಧಾನವಾಗಿ, ಗುಂಡು ಅಕ್ಷರದಲ್ಲಿ ಬರೆದರು. ಪುಸ್ತಕ ಈಗ ಜಾಗದ ಆಧಾರ, ತೆರಿಗೆ ರಶೀದಿ ಇರುವ ಅದೇ ಪೆಟ್ಟಿಗೆಯಲ್ಲಿದೆ.

ಡಿಸೆಂಬರ್‌ನಲ್ಲಿ ಟೀಚರ್ ಮಗನ ಮನೆಗೆಂದು ಬೆಂಗಳೂರಿಗೆ ಹೋದರು. ಒಂದು ಬೆಳಿಗ್ಗೆ ನನಗೆ ಫೋನ್ ಬಂತು. ಅಣ್ಣ ಅದುವರೆಗೆ ನನಗೆ ಫೋನ್ ಮಾಡಿದವರಲ್ಲ.

"ನಾನು ಪುಸ್ತಕ ನೋಡಿ ಮಾತಾಡುದು. ಏಳನೇ ಪುಟದ ಎಫ್‌ಡಿ ಸೋಮವಾರ ಮುಗಿಯುತ್ತದೆ. ಎಲ್ಲಿಗೆ ಹಾಕುದು ಅಂತ ಬರೆದುಂಟು. ಟೀಚರ್ ಸಹಿ ಮಾಡಿದ ಫಾರ್ಮೂ ಉಂಟು, ಆದರೆ ಅದು ಇಂಗ್ಲಿಷಿನಲ್ಲಿ. ತರುತ್ತೇನೆ, ಒಮ್ಮೆ ಓದಿ ಹೇಳ್ತೀರಾ?"

ಬನ್ನಿ ಅಣ್ಣ, ಹತ್ತು ಗಂಟೆಗೆ ಆಫೀಸಿನಲ್ಲೇ ಇರುತ್ತೇನೆ ಎಂದೆ.